ಹದಿನಾರು ಖಾಲಿ ಮನೆಗಳು

ಮಧ್ಯಾಹ್ನ ಎರಡೂವರೆಯ ಹೊತ್ತಿಗೆ ಆ ಕೋಣೆಗೆ ಬಿಸಿಲು ಬರುತ್ತಿತ್ತು. ಕಿಟಕಿಯ ಸರಳುಗಳ ನೆರಳು ಮೊದಲು ನೆಲಕ್ಕೆ ಇಳಿದು, ಮೇಜಿನ ಕಾಲು ಹಿಡಿದು ಮೆಲ್ಲಗೆ ಮೇಲೆ ಹತ್ತಿ, ಕೊನೆಗೆ ಕೀಲಿಮಣೆಯ ಮೇಲೆ ಚೌಕಚೌಕವಾಗಿ ಕೂರುತ್ತಿತ್ತು. ಅಷ್ಟರಲ್ಲಿ ಓದಮ್ಮನ ದನಿಯೂ ಒಂದು ಹದಕ್ಕೆ ಬಂದಿರುತ್ತಿತ್ತು. ಊಟವಾದ ಮೇಲಿನ ದನಿ. ಏರೂ ಇಲ್ಲ, ಇಳಿವೂ ಇಲ್ಲ. “ಎರಡು, ಸೊನ್ನೆ, ಮೂರು, ಮೂರು, ಒಂದು…” ಕತ್ತಲಲ್ಲಿ ಗೋಡೆ ಹಿಡಿದು ನಡೆಯುವವರ ಹಾಗೆ ಬೆರಳಮ್ಮ ಆ ದನಿಯನ್ನು ಹಿಡಿದುಕೊಂಡು ನಡೆಯುತ್ತಿದ್ದಳು.

ಇಬ್ಬರ ಹೆಸರೂ ಅವರವರೇ ಒಬ್ಬರಿಗೊಬ್ಬರು ಇಟ್ಟುಕೊಂಡದ್ದು. ಓದಮ್ಮ ಇಪ್ಪತ್ತೆರಡು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದುವವರ ಪಕ್ಕ ಕೂತು ಗಟ್ಟಿಯಾಗಿ ಓದುವ ಕೆಲಸ ಮಾಡಿದವಳು. ಅಚ್ಚುಕೂಟ ಮುಚ್ಚಿದ ಮೇಲೂ ಬಾಯಿ ಮುಚ್ಚಲಿಲ್ಲ ಎಂದು ತಾನೇ ಹೇಳಿಕೊಂಡು ನಗುತ್ತಿದ್ದಳು. ಬೆರಳಮ್ಮನ ಕೆಲಸ ಆ ಓದನ್ನು ಕೇಳಿ ಯಂತ್ರಕ್ಕೆ ತುಂಬುವುದು. ಹಾಳೆ ನೋಡುವಂತಿಲ್ಲ, ಪರದೆಯನ್ನೂ ಹೆಚ್ಚು ನೋಡುವುದಿಲ್ಲ. ಕಿವಿಯಿಂದ ಬಂದದ್ದು ಬೆರಳಿಗೆ ಹೋಗಬೇಕು, ನಡುವೆ ಎಲ್ಲೂ ತಂಗಬಾರದು. ತಂಗಿದರೆ ತಪ್ಪಾಗುತ್ತದೆ.

ಕೆಳಗೆ ಬೀಗದ ಕೈ ಮಾಡುವವನ ಅಂಗಡಿ. ಅವನ ಅರದ ಕರಕರ ಸದ್ದು ಮೆಟ್ಟಿಲು ಹತ್ತಿ ಬರುತ್ತಿತ್ತು. ಮೇಲೆ ಈ ಒಂದೇ ಕೋಣೆ. ಮೂರು ಮೇಜು, ಎರಡು ಯಂತ್ರ, ಒಂದು ನೀರಿನ ಹೂಜಿ, ಮತ್ತು ಮೇಷ್ಟ್ರು. ಕಾಲೇಜಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ಯಾರ್ಯಾರೋ ಕಾಗದದ ಮೇಲೆ ಬರೆದ ಅಂಕಿಗಳ ಕಟ್ಟು ತಂದುಕೊಡುತ್ತಾರೆ. ಹೆಂಗಸರಿಬ್ಬರೂ ಅದನ್ನು ಗಣಿತದ ಒಂದು ಭಾಷೆಯಲ್ಲಿ ಯಂತ್ರಕ್ಕೆ ಕೊಡುತ್ತಾರೆ. ಮೇಷ್ಟ್ರು ಅದರಿಂದ ಉತ್ತರ ತೆಗೆಯುತ್ತಾರೆ. ಅಡ್ಡಸಾಲು, ಕಂಬಸಾಲುಗಳ ಆ ಅಂಕಿಗಳ ಚೌಕಟ್ಟಿಗೆ ಮೇಷ್ಟ್ರು ಮ್ಯಾಟ್ರಿಕ್ಸ್ ಅನ್ನುತ್ತಿದ್ದರು. ಓದಮ್ಮ ಚೌಕ ಅನ್ನುತ್ತಿದ್ದಳು. ಒಳಗಿನ ಒಂದೊಂದು ಅಂಕಿಯ ಜಾಗಕ್ಕೆ ಇಬ್ಬರೂ ಮನೆ ಅನ್ನುತ್ತಿದ್ದರು.

ಆ ಭಾಷೆಯ ನಿಯಮ ಹೇಳಲಿಕ್ಕೆ ಸುಲಭ. ಮೊದಲು ಒಂದು ಚೌಕ ಆವರಣ ತೆರೆಯಬೇಕು. ಆಮೇಲೆ ಅಂಕಿ, ಒಂದಿಷ್ಟು ಜಾಗ, ಅಂಕಿ, ಒಂದಿಷ್ಟು ಜಾಗ. ಸಾಲು ಮುಗಿದರೆ ಒಂದು ಅರ್ಧವಿರಾಮ. ಅಲ್ಲಿಗೆ ಮುಂದಿನ ಸಾಲು ಶುರು. ಎಲ್ಲ ಮುಗಿದ ಮೇಲೆ ಆವರಣ ಮುಚ್ಚಬೇಕು. ಎಲ್ಲ ಸಾಲುಗಳಲ್ಲೂ ಅಷ್ಟಷ್ಟೇ ಮನೆಗಳಿರಬೇಕು. ಒಂದು ಸಾಲಿನಲ್ಲಿ ಒಂದೇ ಒಂದು ಮನೆ ಕಡಿಮೆಯಾದರೂ ಯಂತ್ರ ಕೆಂಪು ಅಕ್ಷರದಲ್ಲಿ ಬೈಯುತ್ತದೆ. ಮನೆಗಳ ಲೆಕ್ಕ ಸರಿಯಿದ್ದರೆ ಒಳಗೆ ಏನು ತುಂಬಿದರೂ ಅದಕ್ಕೆ ಬೇಸರವಿಲ್ಲ. ಎತ್ತು ಈದಿದೆ ಅಂದರೆ ಕರು ಕಟ್ಟು ಅನ್ನುವ ಜಾತಿ.

ಸಾಲು ಮುಗಿದಾಗ ಓದಮ್ಮ “ಮುಂದಕ್ಕೆ” ಅನ್ನುತ್ತಿದ್ದಳು. ಆ ಮಾತು ಕೇಳಿದರೆ ಬೆರಳಮ್ಮನಿಗೆ ಪ್ರತಿಸಲವೂ ಮೆಟ್ಟಿಲ ತಿರುವೊಂದು ಕಾಣುತ್ತಿತ್ತು. ಅವಳ ಪಾಲಿಗೆ ಪ್ರತಿಯೊಂದು ಚೌಕವೂ ಒಂದು ದೊಡ್ಡ ಕಟ್ಟಡ. ಒಂದು ಸಾಲು ಅಂದರೆ ಒಂದು ಮಹಡಿ, ಒಂದು ಮನೆ ಅಂದರೆ ಒಂದು ಕಿಟಕಿ. ಮೂರು ಅಂದರೆ ದೀಪ ಹೊತ್ತಿದ ಕಿಟಕಿ, ಒಂದು ಅಂದರೆ ಪರದೆಯ ಹಿಂದಿನ ಮಂಕುಬೆಳಕು, ಸೊನ್ನೆ ಅಂದರೆ ಬಾಗಿಲು ಹಾಕಿಕೊಂಡ ಕಿಟಕಿ. ಅವಳು ಬೀದಿಯ ಆಚೆ ನಿಂತು ನೋಡುತ್ತಿರುವಂತೆ, ಅವಳ ಬೆರಳು ಮಾತ್ರ ಒಳಗೆ ಓಡಾಡಿ ದೀಪ ಹಚ್ಚುತ್ತಿರುವಂತೆ. ಸಂಜೆ ಐದಕ್ಕೆ ಎದ್ದಾಗ ಎಷ್ಟೋ ಸಲ ತಾನು ದಿನವೆಲ್ಲ ಎಲ್ಲಿದ್ದೆ ಎಂದು ಅವಳಿಗೇ ತಿಳಿಯುತ್ತಿರಲಿಲ್ಲ.

ಇನ್ನೊಂದು ಮಾತಿತ್ತು, “ಖಾಲಿ”. ಕಾಗದದಲ್ಲಿ ಏನೂ ಬರೆಯದ ಮನೆ ಸಿಕ್ಕರೆ ಓದಮ್ಮ ಹಾಗನ್ನುತ್ತಿದ್ದಳು. ಮೂರು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಮೊದಲ ವಾರ, ಬಸ್ ನಿಲ್ದಾಣಗಳ ಕಟ್ಟು ಬಂದಿತ್ತು; ಯಾವ ನಿಲ್ದಾಣದಲ್ಲಿ ಹತ್ತಿ ಯಾವ ನಿಲ್ದಾಣದಲ್ಲಿ ಎಷ್ಟು ಜನ ಇಳಿದರು ಎಂಬ ಲೆಕ್ಕ. ಬೆರಳಮ್ಮ ಖಾಲಿ ಮನೆಗಳನ್ನು ದಾಟಿ ಮುಂದೆ ಹೋಗಿದ್ದಳು. ಸಾಲುಗಳು ಗಿಡ್ಡವಾದವು, ಯಂತ್ರ ಪರದೆ ತುಂಬ ಕೆಂಪಗೆ ಬೈಯಿತು. ಅವಳ ಜೀವ ಬಾಯಿಗೆ ಬಂದಿತ್ತು. ಯಾರೂ ಇಳಿಯದಿದ್ದರೆ ಸೊನ್ನೆ ತಾನೇ ಎಂದುಕೊಂಡು, ಅಂದಿನಿಂದ ಖಾಲಿ ಎಂದು ಕೇಳಿದ ಕೂಡಲೆ ಅವಳ ಹೆಬ್ಬೆರಳು ಸೊನ್ನೆಯ ಮೇಲೆ ಬೀಳುತ್ತಿತ್ತು. ಯಾರನ್ನೂ ಕೇಳಿರಲಿಲ್ಲ. ಯಂತ್ರ ಮತ್ತೆ ಬೈಯಲೂ ಇಲ್ಲ.

ಆ ಮಧ್ಯಾಹ್ನ ಅವರ ಕೈಯಲ್ಲಿದ್ದದ್ದು ಸಣ್ಣ ಕಟ್ಟು. ಇಪ್ಪತ್ತು ಹಾಳೆ, ಹಾಳೆಗೆ ಇಪ್ಪತ್ತು ಮನೆ. ಹೆಸರಿನ ಪಟ್ಟಿಯನ್ನು ಕತ್ತರಿಯಿಂದ ನೀಟಾಗಿ ಕತ್ತರಿಸಿ ತೆಗೆದಿದ್ದರು. ಉಳಿದದ್ದು ಬರೀ ಕ್ರಮಸಂಖ್ಯೆ ಮತ್ತು ಸೊನ್ನೆಯಿಂದ ಮೂರರವರೆಗಿನ ಅಂಕಿ. ಎಲ್ಲಿಂದ ಬಂದದ್ದು, ಯಾರದ್ದು ಎಂದು ಮೇಷ್ಟ್ರು ಎಂದೂ ಹೇಳುತ್ತಿರಲಿಲ್ಲ. ಸಂಬಂಧದವರ ಅಂಕಿಗಳನ್ನು ಮುಟ್ಟಬಾರದು ಎಂಬುದು ಅಲ್ಲಿನ ಕಟ್ಟುನಿಟ್ಟು.

“ಹನ್ನೊಂದನೇದು,” ಎಂದಳು ಓದಮ್ಮ. “ಎರಡು, ಮೂರು, ಒಂದು, ಎರಡು. ಖಾಲಿ, ಖಾಲಿ, ಖಾಲಿ, ಖಾಲಿ…”

ಖಾಲಿ ಮುಗಿಯಲೇ ಇಲ್ಲ. ಬೆರಳಮ್ಮ ಕಟ್ಟಡದ ಹನ್ನೊಂದನೆಯ ಮಹಡಿಯಲ್ಲಿ ನಡೆಯುತ್ತ ಒಂದೊಂದೇ ಕಿಟಕಿಯನ್ನು ಮುಚ್ಚಿಕೊಂಡು ಹೋದಳು. ಹದಿನಾರು ಸಲ. ಕೊನೆಗೆ ಅಲ್ಲಿ ತಣ್ಣಗಿತ್ತು, ಯಾರೋ ಆ ಮಹಡಿಯಲ್ಲಿ ಒಬ್ಬರೇ ಇದ್ದು ಯಾರ ಕರೆಗೂ ಓಗೊಡದೆ ಕೂತಿರುವಂತೆ.

“ಮುಂದಕ್ಕೆ,” ಎಂದಳು ಓದಮ್ಮ. ಅವಳು ಮುಂದಕ್ಕೆ ಹೋದಳು.

*

ಮನೆಯಲ್ಲಿ ಮಗಳ ಊಟ ಎಂದಿನಂತೆ ಮುಕ್ಕಾಲು ಗಂಟೆಯಿಂದ ನಡೆದಿತ್ತು.

ಮಗುವಿಗೆ ಒಂಬತ್ತು ವರ್ಷ. ಅಜ್ಜಿ ಅವಳನ್ನು ಬಸವನಹುಳು ಎಂದು ಕರೆಯುತ್ತಿದ್ದಳು. ಅದು ಸವೆದು ಮನೆಮಂದಿಯ ಬಾಯಲ್ಲಿ ಹುಳು ಆಗಿತ್ತು. ಒಂದು ಚಪ್ಪಲಿ ಹಾಕಿಕೊಂಡು ಇನ್ನೊಂದನ್ನು ಕೈಯಲ್ಲಿ ಹಿಡಿದು ಹತ್ತು ನಿಮಿಷ ಯೋಚಿಸುವ ಮಗು. ಸೋಮಾರಿಯಲ್ಲ. ಯಾವುದನ್ನೂ ಅರ್ಧ ಮನಸ್ಸಿನಿಂದ ಮಾಡಲು ಬಾರದು, ಅಷ್ಟೇ.

“ನಾಡಿದ್ದು ಪಟ್ಟಿ ಹಾಕ್ತಾರಂತಮ್ಮಾ,” ಎಂದಳು ಹುಳು, ತುತ್ತನ್ನು ನೋಡುತ್ತ.

“ಯಾವ ಪಟ್ಟಿ?”

“ನಮ್ಮ ತರಗತಿ ಎರಡಾಗ್ತಿದೆಯಲ್ಲ. ಯಾರು ಈ ಕೋಣೆ, ಯಾರು ಆ ಕೋಣೆ ಅಂತ. ಅದಕ್ಕೇ ಮೊನ್ನೆ ಹಾಳೆ ಕೊಟ್ಟಿದ್ರು. ಎಲ್ಲರ ಹೆಸರಿತ್ತು. ಯಾರ ಪಕ್ಕ ಕೂರೋಕೆ ಎಷ್ಟು ಇಷ್ಟ ಅಂತ ಬರೀಬೇಕು. ಸೊನ್ನೆ ಅಂದ್ರೆ ಬೇಡವೇ ಬೇಡ, ಮೂರು ಅಂದ್ರೆ ತುಂಬಾ ಇಷ್ಟ.” ತುತ್ತು ಬಾಯಿಗೆ ಹೋಯಿತು, ನಿಧಾನವಾಗಿ ಅಗಿಯಲ್ಪಟ್ಟಿತು. “ನಂಗೆ ಮುಗಿಸೋಕಾಗಲಿಲ್ಲ.”

ಬೆರಳಮ್ಮನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು.

“ತರಗತೀಲಿ ಎಷ್ಟು ಮಕ್ಕಳು?”

“ಇಪ್ಪತ್ತು.”

“ನಿನ್ನ ನಂಬರು?”

“ಹನ್ನೊಂದು. ನಿಂಗೆ ಗೊತ್ತಲ್ಲ, ಚೀಲದ ಮೇಲೆ ನೀನೇ ಬರೆದದ್ದು.”

“ಎಷ್ಟು ಜನಕ್ಕೆ ಬರೆದೆ?”

“ನಾಲ್ಕು.”

ಎರಡು, ಮೂರು, ಒಂದು, ಎರಡು. ಓದಮ್ಮನ ದನಿ ಕಿವಿಯಲ್ಲಿ ಅಷ್ಟೇ ಸಮನಾಗಿ, ಅಷ್ಟೇ ನಿರಾಳವಾಗಿ ನಡೆದುಹೋಯಿತು.

“ಅರ್ಧ ಗಂಟೆ ಕೊಟ್ಟಿದ್ರಂತೆ,” ಅಜ್ಜಿ ಮೂಲೆಯಿಂದ ಹೇಳಿದಳು. “ಅರ್ಧ ಗಂಟೇಲಿ ನಾಲ್ಕು! ನಿನ್ನ ಮದುವೆಗೆ ಗಂಡು ನೋಡೋಕೆ ಹೊರಟ್ರೆ ನಾಲ್ಕನೆಯವನ ಹೊತ್ತಿಗೆ ಅವನ ತಲೆ ನೆರೆತಿರುತ್ತೆ ಬಿಡು.”

“ಯೋಚನೆ ಮಾಡಬೇಕಲ್ಲಜ್ಜಿ. ಮೊದಲನೆಯವಳು ಪೆನ್ಸಿಲ್ ಕೊಟ್ಟಿದ್ದಾಳೆ, ಅದಕ್ಕೆ ಮೂರು. ಆದ್ರೆ ಒಂದ್ಸಲ ಜಡೆ ಎಳೆದಿದ್ದಾಳೆ. ಅದಕ್ಕೆ ಒಂದು ಕಳೆದೆ. ನಾಲ್ಕನೆಯವನು ಯಾವಾಗಲೂ ಕೆಮ್ಮುತ್ತಾನೆ, ಅದು ಅವನ ತಪ್ಪಲ್ಲ. ಅಲ್ಲೇ ತುಂಬಾ ಹೊತ್ತಾಯ್ತು.”

“ನಿನ್ನ ಜುಟ್ಟು? ಜುಟ್ಟಿಗೆ ಎಷ್ಟು ಕೊಟ್ಟೆ?” ಎಂದು ಬೆರಳಮ್ಮ ಕೇಳಿದಳು. ಕೇಳುವ ಮೊದಲೇ ಉತ್ತರ ಗೊತ್ತಿತ್ತು. ಜುಟ್ಟು ಅಂದರೆ ಹುಳುವಿನ ಒಬ್ಬಳೇ ಒಬ್ಬ ಗೆಳತಿ, ನೆತ್ತಿಯ ಮೇಲೆ ಕಾರಂಜಿಯ ಹಾಗೆ ಕೂದಲು ಕಟ್ಟಿಕೊಂಡು ಬರುವ ಹುಡುಗಿ. ಇವಳು ಚಪ್ಪಲಿ ಹಾಕಿಕೊಳ್ಳುವ ತನಕ ಶಾಲೆಯ ಬಾಗಿಲಲ್ಲಿ ಕಾಯುವವಳು ಅವಳೊಬ್ಬಳೇ.

“ಅವಳು ಹತ್ತೊಂಬತ್ತು. ಅಲ್ಲಿಗೆ ಹೋಗಲೇ ಇಲ್ಲ.”

“ಅವಳಿಗೆ ಮೊದಲು ಬರೀಬಾರದಿತ್ತೇನೇ?”

ಹುಳು ತಾಯಿಯನ್ನು ಆಶ್ಚರ್ಯದಿಂದ ನೋಡಿದಳು. “ನೀನೇ ಹೇಳ್ತೀಯಲ್ಲ, ಮನೆ ಹಾರಿಸಬಾರದು, ಸಾಲಾಗಿ ಹೋಗಬೇಕು ಅಂತ.” ಆಮೇಲೆ ಸಣ್ಣ ದನಿಯಲ್ಲಿ, “ಗೊತ್ತಿಲ್ಲದಿದ್ರೆ ಖಾಲಿ ಬಿಡು, ಊಹೆ ಮಾಡಿ ಬರೀಬೇಡ ಅಂತಾನೂ ಹೇಳಿದ್ದೀಯ. ನನ್ನನ್ನ ಜುಟ್ಟು ಜೊತೇನೇ ಹಾಕ್ತಾರೆ ಅಲ್ವಾಮ್ಮಾ?”

ಬೆರಳಮ್ಮ ಲೋಟವನ್ನು ಕೆಳಗಿಟ್ಟಳು. ಮಗಳು ಬರೆಯದೆ ಬಿಟ್ಟ ಹದಿನಾರು ಮನೆಗಳಲ್ಲೂ ‘ಬೇಡವೇ ಬೇಡ’ ಎಂದು ಬರೆದು ಕೊಟ್ಟವಳು ತಾನು. ಹತ್ತೊಂಬತ್ತನೆಯವಳಿಗೂ.

*

ಬೆಳಗಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ರಾತ್ರಿ ನಿದ್ದೆ ಸರಿಯಾಗಿ ಬಂದಿರಲಿಲ್ಲ; ಬಸ್ಸು ಎರಡು ತಿರುವು ದಾಟುವಷ್ಟರಲ್ಲಿ ಗಾಜಿಗೆ ತಲೆ ಆನಿಸಿದ್ದಳು.

ಕಟ್ಟಡ ಅಲ್ಲೇ ಇತ್ತು, ಬೀದಿಯ ಆಚೆ. ಆದರೆ ಈ ಸಲ ಅವಳ ಕಾಲೂ ಒಳಗೆ ಹೋಯಿತು. ಪ್ರತಿ ತಿರುವಿನಲ್ಲೂ ಯಾರೋ “ಮುಂದಕ್ಕೆ” ಅನ್ನುತ್ತಿದ್ದರು. ಹನ್ನೊಂದನೆಯ ಮಹಡಿ ತಲುಪಿದಾಗ ಮೊದಲ ನಾಲ್ಕು ಕಿಟಕಿಗಳಲ್ಲಿ ಬೆಳಕಿತ್ತು. ಆಮೇಲಿನವನ್ನು ತೆರೆಯೋಣ ಎಂದು ಅವಳು ಗೋಡೆ ತಡವಿದಳು. ಚಿಲಕ ಸಿಗಲಿಲ್ಲ. ಬಾಗಿಲೂ ಸಿಗಲಿಲ್ಲ. ಅಲ್ಲಿ ಮುಚ್ಚಿದ ಕಿಟಕಿಗಳು ಇರಲೇ ಇಲ್ಲ; ಕಿಟಕಿಯನ್ನೇ ಇನ್ನೂ ಇಟ್ಟಿರಲಿಲ್ಲ. ಹಸಿ ಗಾರೆಯ ವಾಸನೆ. ಗೋಡೆಯ ಕೊನೆಯಲ್ಲಿ ಹುಳು ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು, ಕೈಯಲ್ಲಿ ಸೀಮೆಸುಣ್ಣ ಹಿಡಿದು, ಐದನೆಯ ಕಿಟಕಿಯನ್ನು ಎಲ್ಲಿ ಬರೆಯಲಿ ಎಂದು ಅಳೆಯುತ್ತ ನಿಂತಿದ್ದಳು. ತಾಯಿಯನ್ನು ಕಂಡು ಬೆರಳನ್ನು ತುಟಿಯ ಮೇಲಿಟ್ಟಳು, ಲೆಕ್ಕ ತಪ್ಪಿಸಬೇಡ ಅನ್ನುವಂತೆ.

ಅವಳು ಕಣ್ಣು ಬಿಟ್ಟಾಗ ಇಳಿಯುವ ನಿಲ್ದಾಣ ದಾಟಿತ್ತು. ಒಂದು ನಿಲ್ದಾಣದಷ್ಟು ದೂರ ಹಿಂದಕ್ಕೆ ನಡೆದಳು. ಹೇಳಿದರೆ ಏನಾಗುತ್ತದೆ? ಮೂರು ವರ್ಷ ತುಂಬಿದ ಸೊನ್ನೆಗಳೆಲ್ಲ ಎದ್ದು ಬರುತ್ತವೆ. ಮೇಷ್ಟ್ರು ಕೆಲಸ ಬಿಡಿಸಿದರೂ ಬಿಡಿಸಿಯಾರು. ಹೇಳದಿದ್ದರೆ? ನಾಳೆ ಒಂದು ಮಗು ಪಟ್ಟಿಯ ಮುಂದೆ ನಿಂತು ತನ್ನ ಹೆಸರನ್ನು ನಿಧಾನವಾಗಿ ಹುಡುಕುತ್ತದೆ.

ಕೋಣೆಯಲ್ಲಿ ಇನ್ನೂ ಯಾರೂ ಇರಲಿಲ್ಲ. ಅವಳು ಯಂತ್ರ ತೆರೆದಳು. ನಿನ್ನೆಯ ಚೌಕ ಹಾಗೇ ಇತ್ತು. ಹನ್ನೊಂದನೆಯ ಸಾಲು ಮಗಳು ಬೇರೆಯವರಿಗೆ ಕೊಟ್ಟದ್ದು. ಹನ್ನೊಂದನೆಯ ಕಂಬಸಾಲು ಬೇರೆಯವರು ಮಗಳಿಗೆ ಕೊಟ್ಟದ್ದು. ಒಂದೇ ಒಂದು ಆಜ್ಞೆ ಕೊಟ್ಟರೆ ಸಾಕು, ಆ ಕಂಬ ಒಂದೇ ಪರದೆಯ ಮೇಲೆ ಬಂದು ನಿಲ್ಲುತ್ತದೆ. ತನ್ನ ಮಗಳು ಎಷ್ಟು ಜನಕ್ಕೆ ಬೇಕು, ಎಷ್ಟು ಜನಕ್ಕೆ ಬೇಡ. ಹೆತ್ತವಳಿಗೆ ಇದಕ್ಕಿಂತ ದೊಡ್ಡ ಆಸೆ ಇಲ್ಲ, ಇದಕ್ಕಿಂತ ದೊಡ್ಡ ಭಯವೂ ಇಲ್ಲ. ಅವಳು ಆಜ್ಞೆಯನ್ನು ಕೊನೆಯ ಆವರಣದವರೆಗೂ ಬರೆದಳು. ಒತ್ತಬೇಕಾದ ಕೀಲಿಯ ಮೇಲೆ ಬೆರಳಿಟ್ಟು ಕೂತಳು. ಕೆಳಗೆ ಬೀಗದವನು ಅಂಗಡಿಯ ಬಾಗಿಲು ಎತ್ತಿದ ಸದ್ದು ಕೇಳಿತು. ಅವಳು ಬರೆದದ್ದನ್ನು ಒಂದೊಂದೇ ಅಕ್ಷರವಾಗಿ ಅಳಿಸಿದಳು.

*

“ನಾನು ಖಾಲಿ ಅಂದೆ ಕಣೇ. ಸೊನ್ನೆ ಅಂದೆನಾ?” ಓದಮ್ಮ ಬ್ಯಾಗನ್ನು ಮೇಜಿನ ಮೇಲೆ ಕುಕ್ಕಿದಳು. “ಮೂರು ವರ್ಷದಿಂದ ಗಂಟಲು ಹರಿದುಕೊಂಡು ಖಾಲಿ ಖಾಲಿ ಅಂತಿದ್ದೀನಿ. ನಾನು ಹೇಳೋದೊಂದು, ನೀನು ಒತ್ತೋದೊಂದು!”

“ಒತ್ತಿದ್ದು ನಾನೇ ಅಕ್ಕಾ. ನಿಮ್ಮ ತಪ್ಪು ಅಂತ ನಾನೆಲ್ಲಿ ಹೇಳಿದೆ?”

“ಹೇಳಲಿಲ್ಲ. ಆದ್ರೆ ನನ್ನ ಹೆಸರೂ ಅದರಲ್ಲಿ ಬಂತಲ್ಲ. ಇಪ್ಪತ್ತೆರಡು ವರ್ಷ ಅಚ್ಚುಕೂಟದಲ್ಲಿ ಒಂದು ಚುಕ್ಕೆ ಬಿಟ್ಟವಳಲ್ಲ ನಾನು.”

ಮೇಷ್ಟ್ರು ಕನ್ನಡಕ ತೆಗೆದು ಒರೆಸುತ್ತ ಕೂತಿದ್ದರು. ಅವರ ಮುಂದೆ ಉತ್ತರದ ಹಾಳೆ ಆಗಲೇ ಸಿದ್ಧವಾಗಿತ್ತು, ಎರಡು ಕೋಣೆಗಳ ಎರಡು ಪಟ್ಟಿ. ಇಬ್ಬರು ಮಕ್ಕಳು ಒಬ್ಬರಿಗೊಬ್ಬರು ಕೊಟ್ಟ ಅಂಕಿಗಳನ್ನು ಕೂಡಿಸಿ, ಹೆಚ್ಚು ಬಂದವರನ್ನು ಆದಷ್ಟೂ ಒಟ್ಟಿಗೆ ಹಾಕುವುದು ಅವರ ಕ್ರಮ. ಹನ್ನೊಂದು ಒಂದು ಪಟ್ಟಿಯಲ್ಲಿತ್ತು, ಹತ್ತೊಂಬತ್ತು ಇನ್ನೊಂದರಲ್ಲಿ. ಕೆಳಗೆ ಅವರ ಕೈಬರಹದಲ್ಲಿ ಒಂದು ಟಿಪ್ಪಣಿ: ಹನ್ನೊಂದನೆಯ ಮಗು ಹೆಚ್ಚುಕಡಿಮೆ ಯಾರನ್ನೂ ಬಯಸುವುದಿಲ್ಲ, ಶಾಲೆಯ ಸಲಹೆಗಾರರು ಗಮನಿಸಬೇಕು.

“ನೋಡಮ್ಮಾ,” ಎಂದರು ಅವರು. “ನಿನ್ನ ಮಗಳ ಸಾಲು ಅಂತ ಗೊತ್ತಾದ ಮೇಲೆ ಅದನ್ನ ಬದಲಾಯಿಸು ಅಂತ ನೀನೇ ಕೇಳಿದ್ರೆ ನಾನು ಹೇಗೆ ಒಪ್ಪಲಿ? ನಾಳೆ ಯಾರಾದರೂ ಕೇಳಿದ್ರೆ ಏನು ಹೇಳಲಿ?”

ಬೆರಳಮ್ಮ ಮಾತನ್ನು ಅಂಕಿಗಳ ಹಾಗೆ ಒಂದೊಂದಾಗಿ ಇಟ್ಟಳು. “ಅವಳ ಸಾಲು ಬದಲಾಯಿಸಿ ಅಂತ ಕೇಳ್ತಿಲ್ಲ ಮೇಷ್ಟ್ರೇ. ಅವಳು ಏನು ಬರೀತಿದ್ದಳೋ ನನಗೂ ಗೊತ್ತಿಲ್ಲ. ಅವಳು ಸೊನ್ನೆ ಬರೆದಿಲ್ಲ, ಅಷ್ಟು ಮಾತ್ರ ಗೊತ್ತು. ಎಲ್ಲ ಹಾಳೆಗಳನ್ನೂ ಇನ್ನೊಂದ್ಸಲ ನೋಡೋಣ. ಎಲ್ಲೆಲ್ಲಿ ಖಾಲಿ ಇದೆಯೋ ಅಲ್ಲೆಲ್ಲ ನಾನು ತಪ್ಪು ಮಾಡಿದ್ದೀನಿ. ಬಸ್ಸಿನ ಕಟ್ಟುಗಳಲ್ಲೂ ಮಾಡಿದ್ದೀನಿ. ಅಲ್ಲಿ ಎಣಿಸುವವನು ಆ ದಿನ ರಜೆ ಹಾಕಿದ್ದರೆ? ಯಾರೂ ಇಳೀಲಿಲ್ಲ ಅಂತ ನಾನು ಬರೆದುಬಿಟ್ಟೆ.”

ಮೇಷ್ಟ್ರು ಕನ್ನಡಕ ಹಾಕಿಕೊಂಡರು. ಆಮೇಲೆ ಕಪಾಟಿನಿಂದ ಕಟ್ಟು ತೆಗೆದು ಓದಮ್ಮನ ಮುಂದಿಟ್ಟರು. “ನೀವೇ ಎಣಿಸಿ. ಗಟ್ಟಿಯಾಗಿ.”

ಒಟ್ಟು ಮೂವತ್ತೊಂದು ಖಾಲಿ ಮನೆ ಸಿಕ್ಕವು. ಹದಿನಾರು ಹನ್ನೊಂದನೆಯ ಹಾಳೆಯಲ್ಲಿ. ಹನ್ನೆರಡು ಮಕ್ಕಳು ತಮ್ಮ ಹೆಸರಿನ ಮನೆಯನ್ನೇ ಬಿಟ್ಟಿದ್ದರು, ನನ್ನ ಪಕ್ಕ ನಾನೇ ಹೇಗೆ ಕೂರಲಿ ಎಂದು. ಇನ್ನು ಮೂರು ಅಲ್ಲೊಂದು ಇಲ್ಲೊಂದು. ಮರೆತದ್ದೋ, ಮುನಿಸಿಕೊಂಡದ್ದೋ ಯಾರಿಗೆ ಗೊತ್ತು.

“ಈ ಭಾಷೇಲಿ ಖಾಲಿಗೆ ಒಂದು ಮಾತಿದೆ,” ಎಂದರು ಮೇಷ್ಟ್ರು. ಅವರ ದನಿಯಲ್ಲಿ ಹಳೆಯ ತರಗತಿ ಬಂದು ಕೂತಿತ್ತು. “ಮೂರೇ ಅಕ್ಷರ, ನ್ಯಾನ್ ಅಂತ ಓದ್ತಾರೆ. ಇಲ್ಲಿರೋದು ಸಂಖ್ಯೆಯೇ ಅಲ್ಲ ಅಂತ ಅದರರ್ಥ. ಸೊನ್ನೆ ಅಂದ್ರೆ ಕೇಳಿದ್ವಿ, ಇಲ್ಲ ಅಂದರು. ಇದು ಹಾಗಲ್ಲ, ಉತ್ತರ ಇನ್ನೂ ಬಂದಿಲ್ಲ ಅಂತ. ನಿಮಗೆ ಮೊದಲ ದಿನವೇ ಹೇಳಿಕೊಡಬೇಕಿತ್ತು. ಹೇಳಲಿಲ್ಲ. ಅದು ನನ್ನ ಪಾಲಿನ ತಪ್ಪು.” ಆಮೇಲೆ ಎಚ್ಚರಿಕೆಯ ಬೆರಳೆತ್ತಿದರು. “ಆದ್ರೆ ಇದರ ಸ್ವಭಾವ ಗೊತ್ತಾ? ಒಂದು ಹನಿ ಹುಳಿ ಬಿದ್ದರೆ ಪಾತ್ರೆ ಹಾಲೂ ಒಡೆದ ಹಾಗೆ. ಯಾವುದಕ್ಕೆ ಕೂಡಿಸಿದರೂ ಮೊತ್ತವೂ ಸಂಖ್ಯೆ ಅಲ್ಲ ಅನ್ನುತ್ತೆ.”

“ಅನ್ನಲಿ,” ಎಂದಳು ಬೆರಳಮ್ಮ.

ಹನ್ನೊಂದನೆಯ ಸಾಲಿಗೆ ಅವಳು ಕೈ ಹಚ್ಚಲಿಲ್ಲ. ಮೇಷ್ಟ್ರೇ ಎರಡು ಬೆರಳಿನಲ್ಲಿ, ಕೋಳಿ ಕಾಳು ಹೆಕ್ಕಿದಂತೆ, ಸೊನ್ನೆಗಳನ್ನು ಕಿತ್ತು ಆ ಮೂರಕ್ಷರಗಳನ್ನು ನೆಟ್ಟರು. ತಮ್ಮ ಪಕ್ಕ ತಾವೇ ಕೂರುವ ಮನೆಗಳನ್ನು ಲೆಕ್ಕದಿಂದ ಹೊರಗಿಟ್ಟರು. ಮತ್ತೆ ಕೂಡಿಸಲು ಹೇಳಿದರು. ಪರದೆಯ ಮೇಲೆ ಹನ್ನೊಂದನೆಯ ಮಗುವಿನ ಜೊತೆಗಿನ ಮೊತ್ತಗಳು ಒಂದೊಂದಾಗಿ ಮಸುಕಾದವು: ಸಂಖ್ಯೆಯಲ್ಲ, ಸಂಖ್ಯೆಯಲ್ಲ, ಸಂಖ್ಯೆಯಲ್ಲ. ಮೂರು ವರ್ಷದಲ್ಲಿ ಆ ಯಂತ್ರ ‘ನನಗೆ ಗೊತ್ತಿಲ್ಲ’ ಎಂದು ಹೇಳಿದ್ದನ್ನು ಬೆರಳಮ್ಮ ಮೊದಲ ಸಲ ನೋಡುತ್ತಿದ್ದಳು. ಮಂಜು ಹತ್ತಿದ ಗಾಜಿನಂತಿತ್ತು ಆ ಪರದೆ. ಅವಳಿಗೆ ಯಾಕೋ ಉಸಿರಾಡುವುದು ಸಲೀಸಾಯಿತು.

“ಪಟ್ಟಿ ಬರಲ್ಲ ಇನ್ನು,” ಎಂದು ಮೇಷ್ಟ್ರು ಕಾಗದ ತೆಗೆದುಕೊಂಡರು. ಗೀಚುತ್ತಲೇ ಓದಿಕೊಂಡರು. “ಹನ್ನೊಂದನೆಯ ಹಾಳೆ ಅಪೂರ್ಣವಾಗಿದೆ. ನಮ್ಮಲ್ಲಿ ಅದನ್ನು ತಪ್ಪಾಗಿ ತುಂಬಲಾಗಿತ್ತು. ಮಗುವಿಗೆ ಬೇಕಾದಷ್ಟು ಸಮಯ ಕೊಟ್ಟು ಪೂರ್ತಿ ಮಾಡಿಸಿ ಕಳಿಸಬೇಕು. ಉಳಿದ ಮೂರು ಮನೆಗಳನ್ನೂ ಆಯಾ ಮಕ್ಕಳನ್ನು ಕೇಳಿ ತುಂಬಿಸಬೇಕು.” ಪೆನ್ನು ನಿಲ್ಲಿಸಿ ಕೇಳಿದರು, “ಬೇಕಾದಷ್ಟು ಅಂದ್ರೆ ಎಷ್ಟಮ್ಮಾ?”

“ಅವಳಜ್ಜಿಯನ್ನ ಕೇಳಿದ್ರೆ ಮೂರು ದಿನ ಅಂತಾರೆ,” ಎಂದಳು ಬೆರಳಮ್ಮ. ಓದಮ್ಮ ಸಿಟ್ಟನ್ನು ಮರೆತು ಕಿಸಕ್ಕನೆ ನಕ್ಕುಬಿಟ್ಟಳು.

*

ಅದೇ ಮಧ್ಯಾಹ್ನ ಮೂರೂವರೆಗೆ ಶಾಲೆಯಿಂದ ಲಕೋಟೆ ಬಂತು. ಹಾಳೆಗಳ ಜೊತೆ ಸಲಹೆಗಾರ್ತಿಯ ಚೀಟಿ: ಮಗು ಒಂದು ಗಂಟೆ ಹತ್ತು ನಿಮಿಷ ತೆಗೆದುಕೊಂಡಿತು, ಆಟದ ಅವಧಿ ಹೋದದ್ದಕ್ಕೆ ಬೇಜಾರು ಮಾಡಿಕೊಳ್ಳಲಿಲ್ಲ, ಎರಡು ಸಲ ಅಳಿಸುವ ರಬ್ಬರು ಕೇಳಿತು.

“ನೀನು ಹೊರಗೆ ನಡಿ,” ಎಂದಳು ಓದಮ್ಮ. “ಓದೋದು ನಾನು, ಒತ್ತೋದು ಇವರು. ನಿನ್ನ ನೆರಳೂ ಈ ಹಾಳೆ ಮೇಲೆ ಬೀಳಬಾರದು.”

ಬೆರಳಮ್ಮ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಬಾಗಿಲು ಮುಚ್ಚಿಕೊಂಡಿತು. ಆದರೆ ಇಪ್ಪತ್ತೆರಡು ವರ್ಷ ಅಚ್ಚಿನ ಯಂತ್ರಗಳ ಗದ್ದಲದ ಮೇಲೆ ಓದಿದ ದನಿಗೆ ಒಂದು ಬಾಗಿಲು ಯಾವ ಲೆಕ್ಕ?

“ಹನ್ನೊಂದನೇದು! ಎರಡು, ಮೂರು, ಒಂದು, ಎರಡು…” ಅದು ಹಳೆಯದು. ಆಮೇಲೆ ನಿಲುಗಡೆ, ಮೇಷ್ಟ್ರ ಎರಡು ಬೆರಳು ಹಿಂದೆ ಬಿದ್ದಿದ್ದವು. “ಎರಡು. ಬಂದ್ರಾ? ಒಂದು. ಎರಡು…” ಬೀಗದವನ ಅರ ನಿಂತಿತ್ತು. ಬಿಸಿಲು ಮೆಟ್ಟಿಲ ಮೇಲೆ ಸರಳುಗಳನ್ನು ಬರೆದಿತ್ತು. ಬೆರಳಮ್ಮ ಕೇಳಬಾರದು ಅಂದುಕೊಂಡಳು, ಕಿವಿ ಮುಚ್ಚಿಕೊಂಡಳು, ಮುಚ್ಚಿದ ಕೈಯ ಬೆರಳುಗಳಲ್ಲೇ ಎಣಿಸಿದಳು. ಗೋಡೆಯಲ್ಲಿ ಒಂದೊಂದೇ ಕಿಟಕಿ ತೆರೆಯುತ್ತಿತ್ತು. ಸೀಮೆಸುಣ್ಣದ ಗೆರೆ ಮೊದಲು, ಆಮೇಲೆ ಚೌಕಟ್ಟು, ಆಮೇಲೆ ಬೆಳಕು. ಒಂದು ಕಿಟಕಿ ಸೊನ್ನೆಯಾಗಿ ಮುಚ್ಚಿಯೇ ಇತ್ತು. ಅದೂ ಹುಳು ತಾನೇ ಯೋಚಿಸಿ ಮುಚ್ಚಿದ ಕಿಟಕಿ.

“ಹನ್ನೊಂದಕ್ಕೆ, ಅವಳದೇ ಮನೆ, ಖಾಲಿ!” ಎಂದು ಒಳಗಿನ ದನಿ ಏರಿತು. “ಖಾಲಿ ಅಂದ್ರೆ ಖಾಲಿ ಸ್ವಾಮೀ, ಸೊನ್ನೆ ಅಲ್ಲ!”

“ಕೇಳಿಸ್ತು ತಾಯಿ, ಕಿವಿ ಇದೆ ನನಗೆ.”

ಹದಿನೈದು. ಹದಿನಾರು. ಹದಿನೇಳಕ್ಕೆ ಒಂದು. ಹದಿನೆಂಟಕ್ಕೆ ಎರಡು. ಆಮೇಲೆ ಮೌನ. ಬೆರಳಮ್ಮನ ಬೆರಳು ಗಾಳಿಯಲ್ಲೇ ನಿಂತಿತು. ಹುಳು ಕಳೆಯುವುದನ್ನು ಬಲ್ಲ ಮಗು. ಜುಟ್ಟು ಎಂದಾದರೂ ಜಡೆ ಎಳೆದಿರಬಹುದು, ಪೆನ್ಸಿಲಿನ ಮೊನೆ ಮುರಿದಿರಬಹುದು, ನ್ಯಾಯವಾಗಿ ಒಂದು ಕಳೆದಿರಬಹುದು. ಒಳಗೆ ಲೋಟ ಇಟ್ಟ ಸದ್ದು. ನೀರು ಕುಡಿಯಲು ನಿಂತಿದ್ದಳಷ್ಟೆ.

“ಹತ್ತೊಂಬತ್ತಕ್ಕೆ ಮೂರು.”

ಬಾಗಿಲು ತೆರೆದು ಓದಮ್ಮ ಮೆಟ್ಟಿಲಿಗೆ ಬಂದಾಗ ಮೇಷ್ಟ್ರು ಇನ್ನೂ ಒಳಗೆ ಪಟ್ಟಿ ತೆಗೆಯುತ್ತಿದ್ದರು. ಅವಳು ಮಂಡಿ ಹಿಡಿದುಕೊಂಡು ಬೆರಳಮ್ಮನ ಪಕ್ಕ ಕೂತು, ಯಾರಿಗೂ ಅಲ್ಲದಂತೆ, ಎದುರಿನ ಗೋಡೆಗೆ ಹೇಳಿದಳು. “ನಾನು ಏನೂ ಹೇಳೋ ಹಾಗಿಲ್ಲ. ಆದ್ರೆ ಹತ್ತೊಂಬತ್ತನೇ ಹಾಳೇಲಿ ಒಂದು ತಮಾಷೆ ಇತ್ತು, ನಿನ್ನೆ. ಹನ್ನೊಂದರ ಮನೇಲಿ ಆ ಮಗು ಮೂರು ಬರೆದು, ಸಾಲಲಿಲ್ಲ ಅಂತ ಪಕ್ಕದಲ್ಲೇ ಇನ್ನೊಂದು ಮೂರು ಬರೆದಿತ್ತು. ಮೂವತ್ಮೂರು! ಮೂರರ ಮೇಲೆ ಹೋಗೋ ಹಾಗಿಲ್ವಲ್ಲ, ನಾನು ಒಂದನ್ನೇ ಓದಿದೆ.” ಸ್ವಲ್ಪ ತಡೆದು, “ಅದೂ ಒಂದು ತಪ್ಪೇ ಅನ್ನು. ನೀನೊಬ್ಬಳೇ ಅಲ್ಲ,” ಎಂದಳು.

*

ಮರುದಿನ ಮೇಜಿನ ಮೇಲೆ ಬಸ್ಸಿನ ಹಳೆಯ ಕಟ್ಟುಗಳು ಎದೆಯೆತ್ತರಕ್ಕೆ ಬಂದು ಕೂತಿದ್ದವು. ಮೂರು ವರ್ಷದ ಖಾಲಿ ಮನೆಗಳನ್ನು ಮತ್ತೆ ಹುಡುಕಬೇಕು. ಮೇಷ್ಟ್ರು ಬೈಯಲಿಲ್ಲ, ಹೊಗಳಲೂ ಇಲ್ಲ; ಧೂಳು ಒರೆಸುವ ಬಟ್ಟೆ ತಂದುಕೊಟ್ಟರು. ಓದಮ್ಮ ಇಡೀ ದಿನ ಖಾಲಿ ಅನ್ನುವಾಗಲೆಲ್ಲ ತಲೆಯೆತ್ತಿ ಬೆರಳಮ್ಮನ ಹೆಬ್ಬೆರಳನ್ನು ಕಾದಳು.

ಸಂಜೆ ಮನೆಗೆ ಬಂದಾಗ ಹುಳು ಬಾಗಿಲಲ್ಲೇ ಕೂತು ಬೂಟಿನ ದಾರ ಬಿಚ್ಚುತ್ತಿದ್ದಳು. ಶಾಲೆಯಿಂದ ಬಂದು ಅರ್ಧ ಗಂಟೆಯಾಗಿತ್ತೆಂದು ಅಜ್ಜಿ ದೂರಿದಳು.

“ಪಟ್ಟಿ ಹಾಕಿದ್ರಮ್ಮಾ,” ಎಂದಳು ಹುಳು. “ನಾನೂ ಜುಟ್ಟೂ ಒಂದೇ ಕೋಣೆ. ಕಿಟಕಿ ಪಕ್ಕದ ಬೆಂಚು.”

“ಖುಷಿಯಾಯ್ತಾ?”

ಹುಳು ದಾರ ಬಿಚ್ಚುವುದನ್ನು ನಿಲ್ಲಿಸಿ ಯೋಚಿಸಿದಳು. ಬೇಗ ಹೇಳು ಎಂಬ ಮಾತು ಬೆರಳಮ್ಮನ ನಾಲಿಗೆಯ ತುದಿಗೆ ಬಂದು ಅಲ್ಲೇ ಕೂತಿತು. ಅವಳು ಚೀಲ ಇಳಿಸಿ ಹೊಸಿಲ ಮೇಲೆ ಮಗಳ ಪಕ್ಕ ಕೂತಳು. ಬೀದಿಯಲ್ಲಿ ಎದುರಿನ ಮನೆಗಳ ದೀಪಗಳು ಒಂದೊಂದಾಗಿ ಹತ್ತತೊಡಗಿದ್ದವು.

“ಆಯ್ತು,” ಎಂದಳು ಹುಳು ಕೊನೆಗೆ. ಮತ್ತೆ ಸ್ವಲ್ಪ ಹೊತ್ತಿನ ಮೇಲೆ, “ಅಮ್ಮಾ, ಆ ನಾಲ್ಕನೆಯವನು ಇದಾನಲ್ಲ, ಕೆಮ್ಮೋನು. ಅವನಿಗೆ ಎರಡು ಕೊಟ್ಟದ್ದು ಕಮ್ಮಿ ಆಯ್ತೇನೋ. ಇನ್ನೂ ಯೋಚನೆ ಮಾಡ್ತಾ ಇದ್ದೀನಿ.”